ವ್ಯಂಜನಗಳು ಉದುರಿದ ಮೇಲೆ

ಡಂಡೀ ಊರು, ಎಪ್ಪತ್ತೊಂದರ ಮಾರ್ಚಿ.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿವಿ ಅಳೆಯುವ ಕೋಣೆ:
ಗೇಣು ದಪ್ಪದ ಬಾಗಿಲು, ತೂತುತೂತಿನ ಹಲಗೆ,
ನಡುವೆ ಒಂದು ಗಾಜು.
ಗೋಡೆಗೂ ಕಿವಿ ಅನ್ನುತ್ತಾರಲ್ಲ,
ಈ ಗೋಡೆಗೆ ಬರೀ ಹೊಟ್ಟೆ.
ಬಿದ್ದ ಸದ್ದನ್ನೆಲ್ಲ ನುಂಗಿ
ತೇಗದೆ ಕೂತಿತ್ತು.

ನಾನು ಕೆಲಸಕ್ಕೆ ಸೇರಿ ಒಂಬತ್ತು ದಿನ.
ಒಳಗೆ ಇಷ್ಬೆಲ್ ಡ್ಯೂಥಿ, ವಯಸ್ಸು ಅರವತ್ತೆರಡು,
ಹದಿಮೂರರಿಂದ ಸೆಣಬಿನ ಗಿರಣಿಯ ನೇಯ್ಗೆಗಾರ್ತಿ.
ಕೋಟು ಬಿಚ್ಚಲಿಲ್ಲ. ಕೈಚೀಲ ತೊಡೆಯ ಮೇಲೆ.
ಟೋಪಿ ಮಾತ್ರ ತೆಗೆದಳು,
ಹೆಡ್‌ಫೋನಿಗೆ ಜಾಗ ಬೇಕಲ್ಲ.

ಸದ್ದು ಕೇಳಿದಾಗ ಬೆರಳೆತ್ತಿ, ಅಂದೆ.
ಇನ್ನೂರೈವತ್ತು ಹರ್ಟ್ಸ್: ಎತ್ತಿದಳು.
ಐನೂರು: ಎತ್ತಿದಳು, ತುಸು ತಡೆದು.
ಸಾವಿರಕ್ಕೆ ಹುಬ್ಬು ಗಂಟಿಕ್ಕಿತು.
ಎರಡು ಸಾವಿರಕ್ಕೆ ಬೆರಳು ಅರ್ಧ ಎದ್ದು
ನಾಚಿಕೊಂಡು ಮಡಚಿತು.
ನಾಲ್ಕು ಸಾವಿರ.
ತಿರುಗಣೆ ತಿರುಗಿಸಿದೆ, ಇನ್ನೂ ತಿರುಗಿಸಿದೆ,
ಈಚೆಗೆ ನನ್ನ ಹಲ್ಲೇ ಜುಮ್ಮೆನ್ನುವಷ್ಟು.
ಅವಳು ನನ್ನ ಬೆನ್ನಹಿಂದಿನ ಗಡಿಯಾರ ನೋಡುತ್ತಿದ್ದಳು
ಬಸ್ಸಿಗೆ ಹೊತ್ತಾದವಳ ಹಾಗೆ.

ಕಾಗದದ ಮೇಲೆ ನನ್ನ ಗೆರೆ
ನಾಲ್ಕು ಹೆಜ್ಜೆ ನಡೆದು ಬಾವಿಗೆ ಬಿತ್ತು.

ಆಮೇಲೆ ಓದಿ ತಿಳಿದೆ:
ಕಿವಿಯೊಳಗೊಂದು ಬಸವನಹುಳದ ಚಿಪ್ಪು,
ಚಿಪ್ಪಿನೊಳಗೆ ಕೂದಲಿನ ಪೈರು.
ಸದ್ದು ಬಂದರೆ ಬಾಗುತ್ತದೆ, ಹೋದರೆ ಏಳುತ್ತದೆ;
ದಿನಕ್ಕೆ ಹತ್ತು ತಾಸು ಗಾಳಿ ಬೀಸಿದರೆ
ಏಳುವುದನ್ನೇ ಮರೆಯುತ್ತದೆ.
ಅದಕ್ಕೆ ಬಿತ್ತನೆ ಒಂದೇ ಸಲ, ತಾಯ ಹೊಟ್ಟೆಯಲ್ಲಿ.
ಮೊದಲು ಸಾಯುವುದು ಬಾಗಿಲ ಬಳಿಯ ಸಾಲು,
ಕೀಚು ದನಿಗಳ ಸಾಲು.
ಹೀಗೆ ಸ್ವರ ಉಳಿದು ವ್ಯಂಜನ ಉದುರುತ್ತವೆ.
ಸ ಹೋಯಿತು, ಶ ಹೋಯಿತು, ಫ ಹೋಯಿತು,
ತ ಥಗಳ ತುದಿ ಮೊಂಡಾಯಿತು.
ಬೆನ್ನ ಹಿಂದಿನಿಂದ ಮಗಳು ಕೂಗಿದರೆ
ಬರೀ ಅ, ಓ, ಆ,
ಮುಳ್ಳೆಲ್ಲ ತೆಗೆದ ಮೀನಿನ ಹಾಗೆ
ಮೆತ್ತಗೆ ಬಂದು ಬೀಳುತ್ತದೆ.

ಅವತ್ತು ಇದೊಂದೂ ಗೊತ್ತಿರಲಿಲ್ಲ ನನಗೆ.
ಡಾಕ್ಟರ್ ಫಾರ್ಕರ್ ಬಂದರು, ಹಿಂದೆ ಇಬ್ಬರು ವಿದ್ಯಾರ್ಥಿಗಳು.
ಗಾಜಿನ ಈಚೆ ನಿಂತು, ಮೈಕು ಆರಿಸಿ ಅಂದರು:
"ನೇಯುವವರ ಕಿವಿ. ಮಾಡುವಂಥದ್ದು ಏನಿಲ್ಲ.
ರಕ್ತದೊತ್ತಡ ಏರಿದೆ, ನಿದ್ದೆಯೂ ಇಲ್ಲವಂತೆ.
ಪಾಪ, ಅರ್ಧ ಲೋಕ ಹೋಯಿತು ಇವಳ ಪಾಲಿಗೆ."

ಒಳಗೆ ಇಷ್ಬೆಲ್ ತುಟಿ ಆಡಿಸಿದಳು.
ಏನಂದಳು? ನಾಲ್ಕು ಜೊತೆ ಒಳ್ಳೆಯ ಕಿವಿಗಳು ನಾವು
ಗಾಜಿಗೆ ಮೂಗು ತಾಗಿಸಿದೆವು,
ತೊಟ್ಟಿಯ ಮೀನು ನೋಡುವ ಮಕ್ಕಳಂತೆ.
ಮೀನು ನಾವೇ.

ಬಾಗಿಲು ತಳ್ಳಿ ಬಂದಳು, ಟೋಪಿ ಕೈಯಲ್ಲಿ.
"ಯಾವ ಅರ್ಧ, ಅಂತ ಕೇಳಿದೆ ಡಾಕ್ಟರೇ.
ಇನ್ನೂರು ಮಗ್ಗ ದಡದಡ ಕುಟ್ಟುವಾಗ
ಮೂವತ್ತು ಗಜದಾಚೆಗೆ ಗುಟ್ಟು ಹೇಳುತ್ತಿದ್ದೆವು ನಾವು.
ಯಾರು ಬಸುರಿ, ಯಾರ ಗಂಡ ಕುಡುಕ,
ಯಾವತ್ತು ಮುಷ್ಕರ, ಎಲ್ಲ ತುಟಿಯಲ್ಲೇ, ಬೆರಳಲ್ಲೇ.
ಮೇಸ್ತ್ರಿ ಎದುರಿಗೇ ಅವನನ್ನು ಬೈದಿದ್ದೇವೆ,
ನಮಸ್ಕಾರ ಅಂದುಕೊಂಡ."

ಡಾಕ್ಟರ ಕತ್ತು ಕೆಂಪಾಯಿತು.
ವಿದ್ಯಾರ್ಥಿಗಳು ಬೂಟು ನೋಡಿಕೊಂಡರು.
ನಾನು ಗೆದ್ದವಳಂತೆ ನಕ್ಕೆ, ಅವಳ ಪರವಾಗಿ.

ಅವರು ಹೋದ ಮೇಲೆ ನನ್ನ ಕಡೆ ತಿರುಗಿ
ಟೋಪಿಗೆ ಪಿನ್ನು ಚುಚ್ಚುತ್ತ ಹೇಳಿದಳು,
ತನಗೇ ಕೇಳದಷ್ಟು ಮೆಲ್ಲಗೆ:
"ಗಿರಣಿ ಮುಚ್ಚಿ ಐದು ವರ್ಷ.
ಮಗ್ಗ ಮಾತ್ರ ಇಲ್ಲೇ ಇದೆ, ರಾತ್ರಿಪಾಳಿ.
ಹೋಗಲಿ ಬಿಡು, ಅದರ ಜೊತೆ ಹೊಂದಿಕೊಂಡೆ.
ವಾಟಿ ಇದ್ದಾನಲ್ಲ, ನನ್ನ ಗಂಡ,
ಹೆಂಗಸರ ಕೂಲಿ ಅಗ್ಗ ಅಂತ ಅವನಿಗೆ ಕೆಲಸ ಸಿಗಲಿಲ್ಲ,
ಮನೆಯಲ್ಲಿ ಚಹಾ ಕಾಸಿ, ಮಕ್ಕಳ ಮೂಗು ಒರೆಸಿ,
ಹಗಲೆಲ್ಲ ಬಾಯಿ ಬಿಡದ ಮನುಷ್ಯ.
ದೀಪ ಆರಿಸಿದ ಮೇಲೆ ಮಾತಾಡುತ್ತಾನೆ.
ಉಸಿರು ಕತ್ತಿಗೆ ತಾಗುತ್ತದೆ, ಬೆಚ್ಚಗೆ.
ದೀಪ ಹಾಕುವಷ್ಟರಲ್ಲಿ ಮುಗಿಸಿರುತ್ತಾನೆ.
ಏನಂದೆ ಅಂದರೆ, ಏನಿಲ್ಲ ಮಲಗು ಅಂತಾನೆ.
ಅದನ್ನು ಓದುತ್ತೇನೆ, ಚೆನ್ನಾಗಿ."

ಅವಳ ಹೆಜ್ಜೆ ಮೆಟ್ಟಿಲು ಹತ್ತಿ ಹೋಯಿತು.
ಯಂತ್ರ ಆರಿಸುವುದು ಮರೆತಿದ್ದೆ.
ಕುರ್ಚಿಯ ಮೇಲೆ ಬಿದ್ದ ಹೆಡ್‌ಫೋನಿನೊಳಗೆ
ನಾಲ್ಕು ಸಾವಿರ ಇನ್ನೂ ಕೂಗುತ್ತಿತ್ತು.