ಎಡಮಗ್ಗುಲು

ಮೇಷ್ಟ್ರ ಹೆಸರು ತುಫಾನ್, ಇಜ್ಮಿರ್‌ನ ಹುಡುಗ.
ಮಾತು ಮಾತ್ರ ತಂಗಾಳಿ:
"ಮೌಸನ್ನು ಹಾಗೆ ಉಳಿ ಹಿಡಿದಂತೆ ಹಿಡಿಯಬೇಡಿ ಅಕ್ಕಾ,
ಬಿಸಿ ಚಹಾದ ಲೋಟ ಅಂದುಕೊಳ್ಳಿ."

ಬೊಜ್‌ಬುರುನ್ ಶಾಲೆಯ ಹಿಂದಿನ ಕೋಣೆ, ವಾರಕ್ಕೆರಡು ರಾತ್ರಿ.
ಏಳು ಮಂದಿ ನಾವು, ಎಲ್ಲರ ಉಗುರಲ್ಲೂ ಡಾಂಬರು.
ಇನ್ನು ಮುಂದೆ ನಕ್ಷೆಯಿಲ್ಲದ ದೋಣಿಗೆ ಪರವಾನಗಿ ಇಲ್ಲವಂತೆ;
ಬಂದರು ಕಚೇರಿಗೆ ಕಣ್ಣಳತೆ ಸಾಲದಂತೆ.

ಅಪ್ಪ, ದುರ್ಮುಷ್ ಉಸ್ತಾ, ಕಟ್ಟಿದ್ದು ಮೂವತ್ತೊಂದು ದೋಣಿ.
ಒಂದಕ್ಕೂ ಕಾಗದವಿಲ್ಲ.
ಪಕ್ಕೆಲುಬುಗಳ ಮೇಲೆ ಉದ್ದನೆಯ ಪಟ್ಟಿಯೊಂದನ್ನು ಮೊಳೆ ಹೊಡೆದು ನಿಲ್ಲಿಸಿ
ಹತ್ತು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ,
"ಇಲ್ಲಿ ಅಳ್ತಾ ಇದೆ ನೋಡು" ಎನ್ನುತ್ತಿದ್ದ.
ನಾನು ಹೋಗಿ ಉಜ್ಜುತ್ತಿದ್ದೆ
ಅಳು ನಿಲ್ಲುವ ತನಕ.

ತುಫಾನ್ ಒಂದು ಗುಂಡಿ ಒತ್ತಿದ.
ನಾನೆಳೆದ ಗೆರೆಯ ಬೆನ್ನ ಮೇಲೆ ಬಾಚಣಿಗೆಯ ಹಲ್ಲುಗಳೆದ್ದವು,
ಒಂದು ಕುಳ್ಳು, ಪಕ್ಕದ್ದು ನೀಳ, ಮತ್ತೆ ಕುಳ್ಳು.
"ಕಾಣ್ತಾ? ಇಲ್ಲಿ ಉಬ್ಬಿದೆ."
ಉಬ್ಬಿಲ್ಲ ಕಣೋ, ಅಳ್ತಾ ಇದೆ
ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಇಲ್ಲಿ ನೀರೆಂದರೆ ಒಂದು ನೀಲಿ ಗೆರೆ.
ಒದ್ದೆಯಿಲ್ಲ, ಉಪ್ಪಿಲ್ಲ, ಪಾಚಿಯಿಲ್ಲ.
ಗೇಣುದ್ದ ಮೇಲಕ್ಕೆ ಸರಿಸಿದರೆ ಸಾಕು
ದೋಣಿ ಮೂರು ಟನ್ ಹೆಚ್ಚು ಹೊರುತ್ತದೆ,
ಯಾರೂ ಏನನ್ನೂ ಹೇರದೆ.

ರದ್ದು ಮಾಡುವ ಗುಂಡಿಯೂ ಒಂದಿದೆ.
ಕೊಯ್ದ ಹಲಗೆ ಮತ್ತೆ ಬೆಳೆದದ್ದನ್ನು
ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕಂಡವಳಲ್ಲ ನಾನು.
ಮೊದಲ ವಾರವೆಲ್ಲ ಅದೇ ಆಟ:
ಕೊಯ್ದೆ, ಕೂಡಿಸಿದೆ, ಕೊಯ್ದೆ, ಕೂಡಿಸಿದೆ.
ಹುಡುಗ ಏನೂ ಅನ್ನಲಿಲ್ಲ.

ಪರೀಕ್ಷೆಗೆ ಒಂದು ನಿಜದ ದೋಣಿಯನ್ನು ಅಳೆದು ತರಬೇಕು.
ದಡಕ್ಕೆಳೆದು ನಿಲ್ಲಿಸಿದ್ದರು 'ಹುರಿಯೆ'ಯನ್ನು, ಬಣ್ಣಕ್ಕೆಂದು.
ಅಪ್ಪ ಕಟ್ಟಿದ್ದು, ಅಮ್ಮನ ಹೆಸರಿನದು.
"ಅರ್ಧ ಅಳೆದರೆ ಸಾಕು, ಉಳಿದರ್ಧ ಕನ್ನಡಿ ಕೊಡುತ್ತೆ" ಎಂದಿದ್ದ ತುಫಾನ್.
ನಾನು ಎರಡೂ ಅಳೆದೆ. ಅಭ್ಯಾಸ.
ತೂಗುಗುಂಡು, ದಾರ, ಬಾಯಲ್ಲಿ ಪೆನ್ಸಿಲ್ಲು.
ನಾಲ್ಕನೆಯ ಪಕ್ಕೆಲುಬಿನಲ್ಲಿ ಎಡಮಗ್ಗುಲು ಎರಡು ಬೆರಳು ದಪ್ಪ.
ಬೆಳಿಗ್ಗೆ ಮತ್ತೆ ಅಳೆದೆ. ಎರಡು ಬೆರಳು.
ಐದನೆಯದರಲ್ಲೂ, ಆರನೆಯದರಲ್ಲೂ.

ಅಪ್ಪ ಎಡಚ.
ಬಾಚಿ ಒಂದು ಬದಿಗೆ ಸಲೀಸು ಬೀಳುತ್ತಿತ್ತು, ಇನ್ನೊಂದಕ್ಕೆ ಕಸಿವಿಸಿ.
ಒಂದು ಕಣ್ಣು ಮುಚ್ಚುತ್ತಿದ್ದನಲ್ಲ,
ಯಾವ ಕಣ್ಣು ಎಂದು ನೆನಪಿಸಿಕೊಳ್ಳಲು ನೋಡಿದೆ,
ಆಗಲಿಲ್ಲ.

ರುಸ್ತೆಮ್ ಕಪ್ತಾನನನ್ನು ಕೇಳಿದೆ,
ಹತ್ತೊಂಬತ್ತು ವರ್ಷದಿಂದ ಅದರಲ್ಲೇ ಬಲೆ ಬೀಸುವವನು.
"ಬಲಕ್ಕೆ ವಾಲುತ್ತಾ ಇದು?"
"ಮೊದಲ ದಿನದಿಂದ. ಅದಕ್ಕೇ ತಾನೆ
ಒಲೆ, ನೀರಿನ ಪೀಪಾಯಿ ಎರಡನ್ನೂ ಎಡಕ್ಕೆ ಇಟ್ಟದ್ದು!"
"ಹೇಳಬಾರದಿತ್ತಾ?"
"ನಿಮ್ಮಪ್ಪನಿಗೆ? ನೀನು ಹೇಳ್ತಿದ್ದೆಯಾ?"

ಪರದೆಯ ಮೇಲೆ ಎರಡು ಅರ್ಧಗಳನ್ನೂ ಕೂಡಿಸಿದೆ.
ಮೂಲೆಯಲ್ಲಿ ಕೆಂಪು ಅಕ್ಷರ: ಬಲಕ್ಕೆ ಅರ್ಧ ಡಿಗ್ರಿ.
"ಅಳತೆ ತಪ್ಪಿರಬೇಕು" ಎಂದ ತುಫಾನ್, ಮೆಲ್ಲಗೆ.
ಕನ್ನಡಿಯ ಗುಂಡಿ ಒತ್ತಿದೆ. ದೋಣಿ ನೆಟ್ಟಗಾಯಿತು.
ಎದ್ದು ಹಿಂದೆ ಸರಿದೆ. ನಾಲ್ಕು ಹೆಜ್ಜೆಗೇ ಗೋಡೆ.
ಒಂದು ಕಣ್ಣು ಮುಚ್ಚಿ ನೋಡಿದೆ.
ಎಲ್ಲೂ ಅಳಲಿಲ್ಲ.
ಯಾರ ದೋಣಿಯೋ.

ಪರೀಕ್ಷೆಗೆ ಅದನ್ನೇ ಕೊಟ್ಟೆ; ತೊಂಬತ್ತೊಂದು ಅಂಕ.
ಬಂದರು ಕಚೇರಿಯವರು ಮುದ್ರೆಯನ್ನೂ ಒತ್ತಿದರು.

ಇನ್ನೊಂದನ್ನು ಅಳಿಸಿಲ್ಲ.
ಮೊನ್ನೆ ಎಲ್ಲರೂ ಹೋದ ಮೇಲೆ ತೆರೆದು
ಅದರೊಳಗೊಂದು ಒಲೆ ಇಟ್ಟೆ, ಹದಿನೆಂಟು ಕಿಲೋ,
ತುಂಬಿದ ಪೀಪಾಯಿ ಇಟ್ಟೆ, ಅರವತ್ತು ಲೀಟರು,
ಎರಡನ್ನೂ ಎಡಕ್ಕೆ, ಕಪ್ತಾನ ಇಟ್ಟಲ್ಲೇ.
ಕೆಂಪು ಅಕ್ಷರ ತುಸು ಹೊತ್ತು ಮಿಣುಕಿ
ಸೊನ್ನೆಗೆ ಬಂದು ನಿಂತಿತು.