ಒಂಬತ್ತನೇ ತಿರುವು

ಟಿಕೀಟಿನ ಜೋಡಿ ಕೊಡೂ ಬಣ್ಣದ ಪುಸ್ತಕದಾಗ ಬರದಾರ:
ಉದ್ದ ಐದು ಕಿಲೋಮೀಟರ್ ನೂರಾ ನಲವತ್ತು ಮೀಟರ್,
ತಿರುವು ಹದಿನಾಲ್ಕು,
ಅದರಾಗ ಒಂಬತ್ತನೇದು
ಚಾಲಕನ ಎದೆಗಾರಿಕೆಗೆ ಡಿಸೈನರ್ ಒಡ್ಡಿದ ಸವಾಲು.

ನಾ ಅದನ್ನ ಓದಿ, ಮಡಚಿ,
ಕಾದ ಕಾಂಕ್ರೀಟಿನ ಮ್ಯಾಲೆ ಹಾಕ್ಕೊಂಡು ಕುಂತೀನಿ.

ಆ ಸವಾಲಿನ ಹೆಸರು ಗುರುಬಸವ್ವ ಮುಳಗುಂದ.

ಅವಾಗ ಇಲ್ಲಿ ಎರಿ, ಎರಿ, ಮತ್ತ ಎರಿ.
ಹುಬ್ಬಳ್ಳಿಯಿಂದ ಗದಗಿಗೆ ಹೋಗೂ ರೈಲು
ಆಕಾಶದ ಅಂಚಿಗೆ ಇರಿವಿ ಸಾಲಿನಂಗ ಕಾಣತಿತ್ತು.
ನದಾಫ ಮೇಡಂ ದುರ್ಬೀನಿಗೆ ಕಣ್ಣ ಹಚ್ಚಾವ್ರು,
ನಾ ಅಳತಿ ಕೋಲ ಹಿಡದು ನಿಲ್ಲಾಂವ.
ಎಡಕ್ಕ, ಇನ್ನೊಂಚೂರು ಎಡಕ್ಕ,
ಅವರ ಕೈ ಹೇಳಿದಂಗ ಕಡ್ಲಿ ಹೊಲದಾಗ ಸರೀತಿದ್ದೆ.

ಈ ಮಣ್ಣು ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಿರೀತೈತಿ.
ಬಿರುಕಿನ್ಯಾಗ ನನ್ನ ಕೋಲು ಮೊಳದುದ್ದ ಇಳೀತಿತ್ತು.
"ಇದರ ಮ್ಯಾಲೆ ಗಾಜಿನಂಥ ಹಾದಿ ಬೇಕಂತ" ಅಂದು ನಕ್ಕಿದ್ರು ಮೇಡಂ.
ಎರಿ ಅಗದು ತಗದ್ರು, ಗರಸು ತುಂಬಿದ್ರು,
ಸುಣ್ಣ ಕಲಿಸಿದ್ರು, ರೋಲರ್ ಓಡಿಸಿದ್ರು.
ಎರಡು ಮಳಿಗಾಲ ಅದಕ್ಕ ಹೋತು.

ಮೊದಲಿನ ನಕಾಶೆಯಾಗ ತಿರುವು ಹದಿಮೂರೇ.
ಎಂಟಾದ ಮ್ಯಾಲೆ ಗೆರಿ ಸೀದಾ, ಬಾಣದಂಗ,
ಸೀದಾ ಗುರುಬಸವ್ವನ ಬಾವಿಯೊಳಗ.

ಸುತ್ತ ಏಳೂರಾಗ ಸವಳು.
ಬ್ಯಾಳಿ ಬೇಯೂದಿಲ್ಲ, ಸಾಬಾಣ ನೊರಿ ಬಿಡೂದಿಲ್ಲ.
ಇದೊಂದು ಬಾವಿ ಸೀ.
ಕಂಪನಿಯವರು ಕಾಗದ ತಗೊಂಡು ಬಂದ್ರು.
ಅಕಿ ಕಾಗದ ಮುಟ್ಟಲಿಲ್ಲ,
ತಂಬಿಗಿ ತುಂಬ ನೀರು ಕೊಟ್ಲು.
ಕುಡದ್ರು.
"ಹಂಗಾರ ಇನ್ನ ಇದರ ರೇಟ್ ಹೇಳ್ರಿ."

ಎರಡನೇ ಸಲ ಬಂದಾಗ
ಅವರು ತಮ್ಮ ಬಾಟಲಿ ತಾವ ತಂದಿದ್ರು.

ಮರುದಿನ ಮೇಡಂ ಜೀಪಿನ ಬಾನೆಟ್ ಮ್ಯಾಲೆ ನಕಾಶೆ ಹಾಸಿದ್ರು.
ಗಾಳಿಗೆ ಹಾರದಂಗ ನಾಕು ಮೂಲಿಗೆ ನಾಕು ಹೆಂಟಿ ಇಟ್ಟೆ.
ರಬ್ಬರಿನಿಂದ ಒಂದು ಬಾಣ ಅಳಿಸಿದ್ರು.
ನಡುಮನ್ಯಾಗ ಮಲಗಿದ ಕೂಸಿನ್ನ
ಎಬ್ಬಿಸದಂಗ ಬಳಸಿ ನಡೀತೇವಲ್ಲ,
ಹಂಗ ಪೆನ್ಸಿಲ್ಲು ಬಾವಿಯ ಬಳಸಿ ಹೋತು.
ಪರದೇಶದಿಂದ ಹನ್ನೊಂದು ದಿನಕ್ಕ ಒಂದೇ ಮಾತು ಬಂತು:
ಚೊಲೊ ಆಗೇತಿ.

ಈಗ ಆಚಿಕಡೆ ಪಿಟ್ಟಿನ ಮೂವತ್ತು ಶಟರ್,
ಗಾಜಿನ ಗೋಪುರ, ಹೆಲಿಕಾಪ್ಟರ್ ಇಳಿಯೂ ಕಟ್ಟಿ,
ಹೊಳೆಯೂ ಆಸ್ಪತ್ರಿ ಖೋಲಿ. ಅಲ್ಲಿ ಇಲ್ಲೀತನಕ
ಹೊಲಿಗಿ ಹಾಕಿಸಿಕೊಂಡಾಂವ
ಉಳ್ಳಾಗಡ್ಡಿ ಹೆಚ್ಚೂವಾಗ ಬೆರಳ ಕೊಯ್ಕೊಂಡ ಅಡಗಿಯಾಂವ ಒಬ್ಬನ.
ಹಿಂಗ ಅಂತಾರ, ನಾ ನೋಡಿಲ್ಲ.
ನಾ ಒಂಬತ್ತರ ಬಾವುಟದಾಂವ.
ಯಾರು ಗೆದ್ರು ಅಂತ ಸಂಜಿಗೆ ಬಸ್ಸಿನ್ಯಾಗ ಕೇಳಿ ತಿಳಕೊಳ್ಳತೀನಿ.
ನನ್ನ ಪಾಲಿಗೆ ಓಟ ಅಂದ್ರ ನಾಕು ಸೆಕೆಂಡು:
ಬ್ರೇಕು, ಬಾಗು, ಕಿವಿ ಹರಿಯೂ ಒಂದು ಒದರು,
ಹಿಂದಿಂದ ಸುಟ್ಟ ರಬ್ಬರಿನ ವಾಸನಿ.

ಹೋದ ವರ್ಷ ಇಲ್ಲೇ ಒಬ್ಬ ಹುಡುಗ
ಹಾದಿ ಬಿಟ್ಟು ಜಲ್ಲಿಯಾಗ ಹುಗದು ನಿಂತ.
ಹೆಲ್ಮೆಟ್ ತಗದು, ಬೆವರ ಒರಸಿ, ಕೈಸನ್ನಿಯಿಂದ ಕೇಳಿದ:
ಇಲ್ಲ್ಯಾಕ ತಿರುಗತೈತಿ ಇದು?
ಬೇಲಿ ಆಚಿಕಡೆ ಬೊಟ್ಟು ಮಾಡಿದೆ.
ಹಗ್ಗ ಕಂಡಿರಬೇಕು, ರಾಟಿ ಕಂಡಿರಬೇಕು.
ತಿಳೀತೋ ಇಲ್ಲೋ, ಗೋಣ ಹಾಕಿದ.

ಗುರುಬಸವ್ವಗ ಹಾದಿ ಕೆಳಗ ಒಂದು ಸುರಂಗ ಮಾಡಿಕೊಟ್ಟಾರ.
ಓಟದ ದಿನ ಕೊರಳಾಗ ಪಾಸು, ಪಾಸಿನ್ಯಾಗ ಫೋಟೋ,
ಫೋಟೋದ ಕೆಳಗ ದೊಡ್ಡ ಅಕ್ಷರದಾಗ: ಅತಿಥಿ.
ಅಕಿಗೆ ಓದಾಕ ಬರೂದಿಲ್ಲ. ಬಂದಿದ್ರ ಏನ ಅಂತಿದ್ಲೋ.

ಟೊಂಕದ ಮ್ಯಾಲೆ ಕೊಡ ಇಟ್ಟು ಸುರಂಗ ದಾಟತಾಳ.
ತಲಿ ಮ್ಯಾಲೆ ಇಪ್ಪತ್ತೆರಡು ಗಾಡಿ ಹಾಯತಾವ.
ಕೊಡದ ಬಾಯಾಗ ನೀರು
ಉಂಗುರ ಉಂಗುರಾಗಿ ನಡಗತೈತಿ.
ಹೊರಗ ಬಂದು ಅಕಿ ನಿಲ್ಲತಾಳ,
ಮ್ಯಾಲೆ ನೋಡೂದಿಲ್ಲ,
ನೀರು ನಿಂತ ಮ್ಯಾಲೆ ಹೊಂಡತಾಳ.

ಒಮ್ಮೊಮ್ಮೆ ನೀರು ನಿಲ್ಲೂದರೊಳಗ ಮತ್ತೊಂದು ಸುತ್ತು ಬಂದಿರತೈತಿ.
ನನ್ನ ಕೈ ತಾನ ಹಳದಿ ಬಾವುಟದ ಕಡೆ ಹೋಗಿರತೈತಿ.