ತಲಿ ಹಿಡಿಯಾಂವ

ಸರಕಾರದ ಪಗಾರಪಟ್ಟಿಯೊಳಗ ನಾನು ಬರೇ ಕೂಲಿ.
ಕೆಲಸ ಏನಪಾ ಅಂದ್ರ, ತಲಿ ಹಿಡಿಯೂದು.
ಹಂಗಂದ್ರ ಓಣಿ ಹುಡುಗೂರು ನಗತಿದ್ವು,
ಆ ಮಾತಿಗೆ ನಮ್ಮ ಕಡೆ ಬ್ಯಾರೆ ಅರ್ಥ ಐತಲ್ಲ.
ನಗಲಿ. ತಿಂಗಳಿಗೆ ಆರು ರೂಪಾಯಿ.

ಅದಕ್ಕೂ ಮೊದಲ ನಾನು ಅರಳಿ ಹಿಂಜಾಂವ.
ಹೆಗಲಿಗೆ ಬಿಲ್ಲು, ಬಿಲ್ಲಿಗೆ ನರದ ತಂತಿ,
ಝುಂಯ್ ಅನಕೋತ ಗದಗಿನ ಅಂಗಳ ಅಂಗಳಕ್ಕ.
ಟೇಶನ್ನಿನ ಬಾಜೂಕ ಗಿರಣಿ ಬಂತು.
ಅದು ಒಂದ ತಾಸಿನಾಗ ನುಂಗಿದ್ದು ನನಗ ಒಂದು ಹಂಗಾಮು.
ಬಿಲ್ಲು ಅಟ್ಟಕ್ಕ ಹಾಕಿದೆ.
ದವಾಖಾನಿಗೆ ಪಟ್ಟಿ ಕಟ್ಟೂ ಅರಳಿ ಕೊಡಾಕ ಹೋದಾಂವ
ಅಲ್ಲೇ ಉಳದೆ.
ಸಾಹೇಬ ನನ್ನ ಅಂಗೈ ಒತ್ತಿ ನೋಡಿ ಏನೋ ಅಂದ.
"ಕೈ ಹಗುರ ಅದನಂತ" ಅಂದ ಕಂಪೌಂಡರ್ ಗುಂಡೇರಾಯ.

ಸಾಹೇಬ ಬರತಿದ್ದದ್ದು ಚಳಿಗಾಲಕ್ಕ, ಎರಡ ವಾರ.
ಧಾರವಾಡದಿಂದ ರೈಲಿನಾಗ, ಒಂದು ಚರ್ಮದ ಪೆಟ್ಟಿಗಿ, ಒಂದು ನಾಯಿ.
ಉಳಿದ ವರ್ಷೆಲ್ಲಾ ಕಣ್ಣು ಕಾಯಬೇಕು.
ಕಾಯಲಾರದವರು ಸಂತಿಯೊಳಗ ಸೂಜಿಯವನ ಮುಂದ ಕುಂಡ್ರತಿದ್ರು.
ಅಂವ ಪೊರಿ ಕೆಳಗ ದಬ್ಬಿ, "ಎಷ್ಟು ಬಟ್ಟು?" ಅಂತಿದ್ದ.
"ಮೂರು" ಅಂದಕೂಡ್ಲೆ ರೊಕ್ಕ ಎಣಿಸಿಕೊಂಡು ಊರ ಬಿಡತಿದ್ದ.
ಆರನೇ ದಿನಕ್ಕ ಕೀವು.
ಹಂಗ ನೋಡಿದ್ರ ಸಾಹೇಬನೂ ಊರು ಬಿಡಾಂವನ.
ಕೀವು ಮಾತ್ರ ಕಡಿಮಿ.

ಕೊಕೇನ್ ಹನಿ ಬಿದ್ದ ಮ್ಯಾಲೆ ಕಣ್ಣು ಜೋಮು ಹಿಡಿತಿತ್ತು.
ಅಂಜಿಕಿ ಇಳಿದು ಕುತ್ತಿಗಿಗೆ ಬರತಿತ್ತು,
ಅಲ್ಲಿ ನನ್ನ ಬಟ್ಟು.
ರುಮಾಲು ಬಿಚ್ಚಿದ ದೇಸಾಯರ ಬೋಳು ನೆತ್ತಿ.
ಕೇಶ ತಗಸಿದ ಮುದುಕಿಯ ಮುಳ್ಳು ಮುಳ್ಳು ತಲಿ.
ಲಕ್ಕುಂಡಿ ಕಲ್ಲೊಡ್ಡನ ಕೂದಲದಾಗ ಒಂದು ಸೇರು ಧೂಳಿ.
"ಇಂವ ಮುಟ್ಟಿದ ಮ್ಯಾಲೆ ಜಳಕ ಮಾಡಬೇಕಲ್ಲ" ಅಂದ್ರು ಒಬ್ಬರು.
"ಎಂಟು ದಿನ ತಲಿಗೆ ನೀರು ಹಾಕೂಹಂಗಿಲ್ಲ"
ಅಂದ ಗುಂಡೇರಾಯ, ಮಾರಿ ಬಿಗಿಹಿಡದು.

ಎಡಕ್ಕೊಂದು ಬಲಕ್ಕೊಂದು ಉಸುಕಿನ ಚೀಲ.
ಸೀನಬ್ಯಾಡ, ಕೆಮ್ಮಬ್ಯಾಡ, ನಗಬ್ಯಾಡ.

ಬಟ್ಟಲದಾಗ ಬಿದ್ದ ಪೊರಿ ನೋಡೀನಿ,
ನೆನಸಿದ ತೊಗರಿಬ್ಯಾಳಿಯಷ್ಟು.
ಅಷ್ಟಕ್ಕ ಹತ್ತು ವರ್ಷ
ಸೊಸಿ ಸೆರಗು ಹಿಡಕೊಂಡು ಬಯಲಕಡಿಗೆ ಹೋಗೂದು.

ವರ್ಷದ ಕೊನಿಗೆ ಮುಂಬಯಿಗೆ ಕಾಗದ ಹೋಗತಿತ್ತು.
ಗುಣ ಆದ ಕಣ್ಣು ಅರವತ್ತೆಂಟು. ಸುಮಾರು, ಹನ್ನೊಂದು. ಹೋದವು, ನಾಕು.
ಆ ನಾಕರಾಗ ಒಂದು ಯಾರದು ಅಂತ ಮುಂಬಯಿಗೆ ಗೊತ್ತಿಲ್ಲ.
ಶಿರಹಟ್ಟಿ ಕಾಶವ್ವಂದು. ಮೂರನೇ ದಿನ
ನಗೆ ತಡಿಲಾರದ ನಕ್ಕಳು, ಹೊಲಿಗಿಲ್ಲದ ಗಾಯ ಬಿಚ್ಚಿತು.
ನಗಿಸಿದಾಂವ ನಾನು.
ಬ್ಯಾಸರಾದೀತಂತ, ಓಣಿ ಹುಡುಗೂರು ನನಗೇನಂತಾರ ಅನ್ನೂದು ಹೇಳಿದ್ದೆ.

ನನ್ನ ಮಾರಿ ಯಾರೂ ನೋಡಿಲ್ಲ.
ಬರೂ ಮುಂದ ಕುರುಡು, ಆಮ್ಯಾಲೆ ಪಟ್ಟಿ.
ಪಟ್ಟಿ ಬಿಚ್ಚಿದ್ರ ಮೊದಲ ಕಾಣೂದು ಸಾಹೇಬನ ಕೆಂಪು ಮೀಸಿ.
ದಪ್ಪ ಚಾಳೀಸಿನಾಗ ಗೂಗಿ ಕಣ್ಣು ಮಾಡಿಕೊಂಡು
ಪ್ಯಾಟಿಯೊಳಗ ನನ್ನ ಹಾದು ಹೋಗತಾರ.

ಒಂದ ಸರ್ತಿ ಮಾತ್ರ, ಬೆಟಗೇರಿಯೊಳಗ,
ನೇಕಾರ ಸಂಕವ್ವ ಖಣದ ರೊಕ್ಕ ತೊಗೊಳ್ಳೂ ಮುಂದ
ನನ್ನ ಬಟ್ಟು ಹಿಡದಾಕಿ ಬಿಡಲೇ ಇಲ್ಲ.
"ನೀನ ಅಲ್ಲೇನೋ? ಅರಳಿ ವಾಸನಿ."
ಆಮ್ಯಾಲೆ ಸಣ್ಣ ದನಿಲೆ,
"ಪೊರಿ ತಗದಾಗಿಂದ ಎಲ್ಲಾ ಒಂದೀಟು ನೀಲಿ ಕಾಣತೈತಿ.
ಕರೀ ದಡಿನೂ ನೀಲಿ, ಸುಣ್ಣದ ಗ್ವಾಡಿನೂ ನೀಲಿ.
ಸಾಹೇಬಗ ಹೇಳಿದ್ರ ಇದನ್ನೂ ತಗದುಬಿಟ್ಟಾನೇನು?"
ಹೇಳಬ್ಯಾಡ ಅಂದೆ.

ಆ ಖಣ ಕರೀದಂತ ತಂದೆ. ಹೆಂಡತಿ ನೀಲಿ ಅಂತಾಳ.
ನನಗೀಗ ಎರಡೂ ಒಂದ, ಬಲಗಣ್ಣಾಗ ಮಂಜು ಹತ್ತೇತಿ.
ಚಳಿಗಾಲಕ್ಕ ಇನ್ನೂ ನಾಕು ತಿಂಗಳು.
ತಲಿ ಹಿಡಿಯಾಕ ಒಬ್ಬ ಹುಡುಗನ್ನ ತಯಾರ ಮಾಡಾಕತ್ತೀನಿ,
ಕುಂಬಳಕಾಯಿ ಮ್ಯಾಲೆ.
ಕೈ ಇನ್ನೂ ಭಾರ ಅವಂದು.